ಲಡ್ಲೋನ ಒಡೆದ ಮುಖಗಳು

ಪಬ್ಬಿನಲ್ಲಿ ಊಟ ಮುಗಿಸಿ ಚಿತ್ರೀಕರಣದ ಷೆಡ್ಡಿಗೆ ಮರಳಿದ ನಿರ್ದೇಶಕ ಪೆಲ್ ದೀಪ ಹಾಕಿ ಹಾಗೇ ನಿಂತುಬಿಟ್ಟರು. ಷೂಟಿಂಗಿಗೆಂದು ಕಟ್ಟಿದ್ದ ಪುಟ್ಟ ಬಂದರಿನ ಹಳಿಯ ಮೇಲೆ ಆಟಿಕೆ ರೈಲು ಲಡ್ಲೋ ನಿಂತಿದ್ದ. ಅವನ ಮುಂಭಾಗಕ್ಕೆ ಯಾರೋ ಹಳದಿ ಬಟ್ಟೆ ಕಟ್ಟಿದ್ದರು. ಬಿಚ್ಚಿ ನೋಡಿದರೆ ಮುಖವಿಲ್ಲ, ಖಾಲಿ ಗುಂಡಿಯಲ್ಲಿ ಎರಡು ಕಣ್ಣುಗುಡ್ಡೆಗಳಷ್ಟೇ ಇವೆ. ಪಕ್ಕದ ಕೆಲಸದ ಮೇಜಿನ ಮೇಲೆ ಸುತ್ತಿಗೆ, ಅದರ ಬಳಿ ಲಡ್ಲೋನ ಮುಖಗಳೆಲ್ಲ ಚೂರುಚೂರಾಗಿ ಬಿದ್ದಿದ್ದವು.

ಇಂಗ್ಲೆಂಡಿನ ಮಕ್ಕಳು ಸಂಜೆಯ ಚಹಾದ ಹೊತ್ತಿಗೆ ಟಿವಿಗೆ ಅಂಟಿಕೊಂಡು ಕೂರುತ್ತಿದ್ದದ್ದು ಈ ಹಸಿರು ಉಗಿಬಂಡಿಗಾಗಿ. ಕತೆಪುಸ್ತಕದ ಚಿತ್ರದಲ್ಲಿ ಸುಮ್ಮನಿದ್ದವನಿಗೆ ಈ ಷೆಡ್ಡಿನಲ್ಲಿ ಜೀವ ಬಂದಿತ್ತು. ನಗು, ಅಳು, ಸಿಟ್ಟು, ಆಕಳಿಕೆ, ಒಂದೊಂದಕ್ಕೆ ಒಂದೊಂದು ಮುಖ ಅಚ್ಚು ಹಾಕಿದವರು ಆಂಬ್ರೋಸ್ ಲೆಡ್ಡಿ. ಆ ಮುಖದ ಹಿಂದಿನ ಕಣ್ಣುಗಳನ್ನು ರೇಡಿಯೋ ಪೆಟ್ಟಿಗೆಯ ಕಡ್ಡಿಗಳಿಂದ ಅತ್ತಿತ್ತ ಹೊರಳಿಸುವವಳು ಡಿಲಿಸ್. ಲೆಡ್ಡಿಯವರೇ ಅವಳ ಕೈಹಿಡಿದು ಕಲಿಸಿದ್ದರು. ಹೆತ್ತ ಅಪ್ಪನಿಗಿಂತ ಅವರ ಮಾತೇ ಅವಳಿಗೆ ಹೆಚ್ಚಾಗಿತ್ತು.

ಊಟ ಮುಗಿಸಿ ಉಳಿದವರೂ ಬಂದು ಸೇರಿದರು. ಡಿಲಿಸ್ ಬಟ್ಟೆಯನ್ನು ಮತ್ತೆ ಕಟ್ಟಿದಳು. ಹಿಂದೊಮ್ಮೆ ನೋಡಲು ಬಂದಿದ್ದ ಮಗುವೊಂದು ಮುಖ ತೆಗೆದ ಲಡ್ಲೋನನ್ನು ಕಂಡು ಕಿಟಾರನೆ ಕಿರುಚಿದಂದಿನಿಂದ, ಅವನನ್ನು ಬರಿಮೈಯಲ್ಲಿ ಬಿಡಬಾರದೆಂಬುದು ಅಲ್ಲಿಯವರ ರೂಢಿ. ಅವಳು ರಾಶಿಯಿಂದ ಒಂದು ಚೂರು ಎತ್ತಿಕೊಂಡಳು. ಅಗಲವಾದ ಹಣೆ, ಅದರ ಕೆಳಗೆ ನುಣ್ಣಗೆ ಉಬ್ಬಿದ ಕಣ್ಣು. ನೋಡಲಾರದೆ ಅಲ್ಲೇ ಇಟ್ಟಳು.

"ಗೇಟ್ ಹಾಕ್ಸಿದೀನಿ. ಯಾರೂ ಹೊರಗೆ ಹೋಗೋ ಹಾಗಿಲ್ಲ," ಎಂದರು ಪೆಲ್.

ಮುಖಗಳ ಪೆಟ್ಟಿಗೆಗೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಬೀಗದಕೈ ಇದ್ದದ್ದು ಎರಡೇ. ಒಂದು ಪೆಲ್ ಬಳಿ, ಅವರು ಕ್ಯಾಮೆರಾದವರ ಜೊತೆ ಪಬ್ಬಿನಿಂದ ಅಲುಗಾಡಿರಲಿಲ್ಲ. ಇನ್ನೊಂದು ಡಿಲಿಸ್‌ಳ ಕೊರಳಲ್ಲಿ. ಅವಳು ನದಿಯ ದಂಡೆಯಲ್ಲಿ ಒಬ್ಬಳೇ ಕೂತು ಸ್ಯಾಂಡ್‌ವಿಚ್ ತಿಂದಿದ್ದಳು.

ಟಿವಿ ಕಂಪನಿಯ ವೇಡ್ ಇಡೀ ಊಟದ ಹೊತ್ತು ಷೆಡ್ಡಿನ ಆಫೀಸಿನಲ್ಲಿ ಫೋನು ಹಿಡಿದುಕೊಂಡೇ ಇದ್ದ. ಮುಖಗಳನ್ನು ಸೋಮವಾರ ಹೊಸ ಕಾರ್ಖಾನೆಗೆ ಒಪ್ಪಿಸಬೇಕು, ಇನ್ನು ಮೇಲೆ ಅವುಗಳ ನಕಲನ್ನು ಅಲ್ಲೇ ಪ್ಲಾಸ್ಟಿಕ್ಕಿನಲ್ಲಿ ತೆಗೆಯುತ್ತಾರೆ ಎಂದು ಬೆಳಿಗ್ಗೆ ಫರ್ಮಾನು ಹೊರಡಿಸಿದವನೂ ಅವನೇ. ಅಂಥವನ ಮೇಲೆ ಯಾರಿಗೆ ತಾನೇ ಅನುಮಾನ ಬರದು?

"ನನಗ್ಯಾಕೆ ಒಡೀಬೇಕು? ನನಗೆ ಬೇಕಾಗಿದ್ದದ್ದೇ ಅವು," ಎಂದು ವೇಡ್ ಸಿಡುಕಿದ. "ಕೀ ಯಾರ ಹತ್ರ ಇತ್ತೋ ಅವರನ್ನ ಕೇಳಿ."

ಲೆಡ್ಡಿ ಪೈಪನ್ನು ಬಾಯಿಂದ ತೆಗೆದರು. ಅವರೂ ಪಬ್ಬಿನಲ್ಲಿದ್ದವರೇ, ನಡುವೆ ತಂಬಾಕು ತರಲು ಒಮ್ಮೆ ಎದ್ದು ಹೋಗಿದ್ದರಷ್ಟೇ. "ಹುಡುಗೀನ ಹಾಗೆಲ್ಲ ಅನ್ಬೇಡಿ. ಬೇಕೂಂತ ಮಾಡಿರಲ್ಲ ಅವಳು. ಲಡ್ಲೋನ ಕಾರ್ಖಾನೆಗೆ ಕೊಡೋದಕ್ಕಿಂತ ಒಡೆದು ಹಾಕೋದೇ ವಾಸಿ ಅಂತ ಬೆಳಿಗ್ಗೆ ನನ್ನ ಹತ್ರ ಅತ್ತಿದ್ಲು, ನಿಜ. ಸಂಕಟದಲ್ಲಿ ಆಡಿದ ಮಾತು ಅದು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡಿ, ಪೆಲ್."

ಡಿಲಿಸ್ ತಟ್ಟನೆ ಅವರತ್ತ ತಿರುಗಿದಳು. ಆ ಮಾತನ್ನು ಅವಳು ಆಡಿದ್ದು ನಿಜ. ಆದರೆ ಲೆಡ್ಡಿಯವರೊಬ್ಬರ ಮುಂದೆ, ಅವರ ಕೋಣೆಯ ಬಾಗಿಲು ಮುಚ್ಚಿಕೊಂಡು. ಅದನ್ನು ನಾಲ್ಕು ಜನರ ನಡುವೆ ಹರವಿದ ಮೇಲೆ ಕ್ಷಮಿಸಿ ಎಂದರೆಷ್ಟು, ಬಿಟ್ಟರೆಷ್ಟು.

"ಸಂಜೆಯೊಳಗೆ ಬೇರೆ ಏನೂ ಗೊತ್ತಾಗದಿದ್ರೆ, ನಾಳೆಯಿಂದ ಬರೋದು ಬೇಡ, ಡಿಲಿಸ್," ಎಂದರು ಪೆಲ್, ಅವಳ ಮುಖ ನೋಡದೆ. "ಇದು ಟಿವಿಯವರಿಗೆಲ್ಲ ಗೊತ್ತಾಗೇ ಆಗುತ್ತೆ. ನನ್ನ ಕೈಲಿ ಏನೂ ಇಲ್ಲ."

ಆ ಷೆಡ್ಡಿಗೆ ಖಾಯಂ ಪತ್ತೇದಾರರೊಬ್ಬರಿದ್ದರು. ಹೆಸ್ಟರ್ ಟಿಲಿಂಗ್. ಒಂದು ದೃಶ್ಯಕ್ಕೂ ಮುಂದಿನದಕ್ಕೂ ಏನೂ ವ್ಯತ್ಯಾಸವಾಗದಂತೆ ಕಾಯುವುದು ಅವರ ಸಂಬಳದ ಕೆಲಸ. ಕಳೆದ ಛತ್ರಿ, ಕದ್ದ ಬಿಸ್ಕತ್ತು, ಸುಳ್ಳು ಹೇಳಿದ ಬಡಗಿ, ಇವನ್ನೆಲ್ಲ ಹಿಡಿಯುವುದು ಸಂಬಳವಿಲ್ಲದ್ದು. ಚಹಾದ ಮಗ್ಗು ಹಿಡಿದುಕೊಂಡು ಅವರ ಹಿಂದೆ ಸುತ್ತುತ್ತಿದ್ದವಳು ಡಿಲಿಸ್. ಈ ಸಲ ಆರೋಪ ಹೊತ್ತವಳೂ ಅವಳೇ.

"ಮಗ್ ತಗೊಂಡು ಬಾ. ಅಳೋದು ಆಮೇಲೆ ಅಳುವಿಯಂತೆ," ಎಂದರು ಹೆಸ್ಟರ್.

ಅವರು ಲಡ್ಲೋಗೆ ಕಟ್ಟಿದ್ದ ಬಟ್ಟೆ ನೋಡಿದರು. ಖಾಲಿ ಪೆಟ್ಟಿಗೆಯ ಹಿಂಬದಿಯ ಕೀಲುಗಳ ಮೇಲೆ ಬೆರಳಾಡಿಸಿ, ಅಂಟಿದ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಚೂರುಗಳನ್ನಂತೂ ಅಕ್ಕಿ ಆರಿಸುವವರ ಹಾಗೆ ಬಿಡಿಸಿ ಬಿಡಿಸಿ ನೋಡಿದರು.

"ಈ ಪೆಟ್ಟಿಗೆ ಮಾಡಿದ್ಯಾರು?"

"ಲೆಡ್ಡಿಯವರೇ. ಯಾಕೆ?"

ಹೆಸ್ಟರ್ ಚಹಾ ಮುಗಿಸಿ, ಎಲ್ಲರನ್ನೂ ಬಂದರಿನ ಸುತ್ತ ಕರೆಸಿದರು.

"ಮೊದಲು ವೇಡ್ ವಿಷಯ," ಎಂದು ಶುರುಮಾಡಿದರು. "ಆತ ನಮ್ಮ ಪೈಕಿ ಅಲ್ಲ, ಬಂದು ವಾರ ಆಗಿಲ್ಲ. ಮುಖ ತೆಗೆದ ಲಡ್ಲೋಗೆ ಬಟ್ಟೆ ಕಟ್ಬೇಕು ಅನ್ನೋದು ಆತನಿಗೆ ಗೊತ್ತೇ ಇಲ್ಲ. ಇದನ್ನ ಮಾಡಿದವರು ಅಂಥ ಅವಸರದಲ್ಲೂ ಲಡ್ಲೋನ ಮಾನ ಮುಚ್ಚಿ ಹೋಗಿದಾರೆ. ಅವನನ್ನ ಪ್ರೀತಿ ಮಾಡೋರೇ ಇದನ್ನ ಮಾಡಿರೋದು."

"ಹಾಗಾದ್ರೆ ಡಿಲಿಸೇ ಆಯ್ತಲ್ಲ," ಎಂದ ವೇಡ್.

"ಡಿಲಿಸ್ ಹತ್ರ ಕೀ ಇದೆ. ಕೀ ಇರೋರು ಕೀಲುಗಳಿಗೆ ಯಾಕೆ ಎಣ್ಣೆ ಬಿಡ್ಬೇಕು? ಪೆಟ್ಟಿಗೆಯ ಹಿಂದಿನ ಕೀಲುಗಳಲ್ಲಿ ಹಸಿ ಎಣ್ಣೆ ಇದೆ. ಕೀಲಿನೊಳಗಿನ ಕಡ್ಡಿಗಳನ್ನ ಮೇಲಕ್ಕೆ ಎಳೆದ್ರೆ ಮುಚ್ಚಳ ಹಿಂದಿನಿಂದ ತೆರ್ಕೊಳ್ಳುತ್ತೆ, ಮುಂದಿನ ಬೀಗ ಹಾಗೇ ಇರುತ್ತೆ. ಈಗಷ್ಟೇ ಎಳೆದು ನೋಡ್ದೆ. ಇದು ಪೆಟ್ಟಿಗೆ ಮಾಡಿದವರಿಗಷ್ಟೇ ಗೊತ್ತಿರೋ ಸಂಗತಿ."

ಲೆಡ್ಡಿಯವರ ಪೈಪು ಆರಿಹೋಗಿತ್ತು. "ನಾನು ಮಾಡಿದ ಮುಖಗಳನ್ನ ನಾನೇ ಒಡೀತೀನಾ, ಹೆಸ್ಟರ್? ತಲೆ ಕೆಟ್ಟಿದೆಯಾ ನಿಮಗೆ?"

"ಅವನ್ನ ನೀವು ಒಡೆದಿಲ್ಲ. ಡಿಲಿಸ್, ಆ ಚೂರುಗಳಲ್ಲಿ ಏನಿಲ್ಲ ಹೇಳು."

ಡಿಲಿಸ್ ಮೇಜಿನ ಬಳಿ ಹೋದಳು. ಮೂಗು, ತುಟಿ, ಕೆನ್ನೆ, ಉಬ್ಬಿದ ಕಣ್ಣು, ಮತ್ತೊಂದು ಉಬ್ಬಿದ ಕಣ್ಣು. ಅವಳ ಕೈ ನಿಂತಿತು.

"ತೂತೇ ಇಲ್ಲ," ಎಂದಳು. "ಕಣ್ಣಿನ ತೂತು ಒಂದರಲ್ಲೂ ಇಲ್ಲ."

"ನೀನು ಹೊರಳಿಸೋ ಗುಡ್ಡೆ ಕಾಣ್ಬೇಕಾದ್ರೆ ತೂತು ಬೇಕೇ ಬೇಕಲ್ವಾ? ಅಚ್ಚು ಸರಿಯಾಗಿ ಬಂದ ಮೇಲಷ್ಟೇ ಲೆಡ್ಡಿ ಕಣ್ಣು ಕೊರೀತಾರೆ. ಇವೆಲ್ಲ ಗುಳ್ಳೆ ಬಿದ್ದು ಕೆಟ್ಟ ಅಚ್ಚುಗಳು, ಬಣ್ಣ ಬಳಿದು ಮೊದಲೇ ಒಡೆದಿಟ್ಟಿದ್ದು. ಅಂಥವು ಇರೋದು ಅವರ ಕೋಣೇಲಿ. ಒಡೆದುಹೋದ್ವು ಅಂದ್ಮೇಲೆ ನಿಜವಾದವನ್ನ ಯಾರೂ ಹುಡುಕಲ್ಲ ಅನ್ನೋದು ಲೆಕ್ಕಾಚಾರ. ತಂಬಾಕು ತರೋ ನೆಪದಲ್ಲಿ ಎದ್ದು ಬಂದು ಕೆಲಸ ಮುಗಿಸಿದಾರೆ. ಗೇಟ್ ಹಾಕಿರೋದ್ರಿಂದ ಮುಖಗಳು ಇನ್ನೂ ಇಲ್ಲೇ ಇವೆ. ಪೆಲ್, ಅವರ ಕೋಣೇಲಿ ಪ್ಲಾಸ್ಟರ್ ಮೂಟೆ ಇದ್ಯಲ್ಲ, ಒಳಗೆ ಕೈ ಹಾಕಿ ನೋಡಿ."

ಪೆಲ್ ಹೋದವರು ಮೊಣಕೈವರೆಗೆ ಬೆಳ್ಳಗಾಗಿ ಬಂದರು. ಕೈಯಲ್ಲಿ ಲಡ್ಲೋನ ಅಳುಮುಖವಿತ್ತು, ಎರಡು ಕಣ್ಣುಗಳ ಜಾಗದಲ್ಲೂ ದುಂಡನೆಯ ತೂತು.

ಲೆಡ್ಡಿ ಸ್ಟೂಲಿನ ಮೇಲೆ ಕುಸಿದರು. "ಕಾರ್ಖಾನೆಯವರು ಇವನ್ನ ಬಕೆಟ್ಟಿನ ಹಾಗೆ ಒತ್ತಿ ತೆಗೀತಾರಂತೆ. ಟೈಟಲ್‌ನಲ್ಲಿ ನನ್ನ ಹೆಸರೂ ಇರಲ್ವಂತೆ. ಹೇಗೆ ಕೊಡ್ಲಿ ಹೇಳಿ?"

ಅಲ್ಲಿದ್ದವರಿಗೆ ಅವರ ಮೇಲೆ ಕನಿಕರವೇ ಬಂತು. ಡಿಲಿಸ್‌ಗೂ ಬಂತು. ಅದೇ ಅವಳಿಗೆ ಹೆಚ್ಚು ಸಂಕಟವಾಯಿತು.

"ನನಗೆ ಹೇಳಿದ್ರೆ ನಾನೇ ಹೊತ್ತುಕೊಂಡು ಓಡಿಹೋಗ್ತಿದ್ದೆ," ಎಂದಳು. "ನನ್ನ ತಲೆಗೆ ಯಾಕೆ ಕಟ್ಟಿದ್ರಿ?"

"ನಿಂಗಿನ್ನೂ ಚಿಕ್ಕ ವಯಸ್ಸು, ಮರಿ. ಇಲ್ಲಿ ಹೋದ್ರೆ ಇನ್ನೊಂದು ಕಡೆ ಕೆಲಸ ಸಿಕ್ಕೇ ಸಿಗ್ತಿತ್ತು."

ಅಂದರೆ ಅವರು ಲೆಕ್ಕ ಹಾಕಿಯೇ ಮಾಡಿದ್ದರು. ಬೆಳಿಗ್ಗೆ ಅವಳು ಅಳುತ್ತಿದ್ದಾಗ ತಲೆ ಸವರಿದ ಕೈಯೇ ಅದನ್ನೂ ಮಾಡಿತ್ತು.

ಪೆಲ್ ಎಲ್ಲರ ಕಡೆ ತಿರುಗಿದರು. "ಪೊಲೀಸಿಗೆ ಹೇಳ್ಬೇಕೋ ಬೇಡ್ವೋ ಅನ್ನೋದನ್ನ ನಾನು ತೀರ್ಮಾನ ಮಾಡಲ್ಲ. ಕೆಟ್ಟ ಹೆಸರು ಬರ್ತಿದ್ದದ್ದು ಡಿಲಿಸ್‌ಗೆ. ಅವಳು ಹೇಳಿದ ಹಾಗೆ."

ಲೆಡ್ಡಿ ತಲೆಯೆತ್ತಿದರು. "ನೀನೇ ಒಂದು ಮಾತು ಹೇಳಮ್ಮ. ನಾನು ಎಂಥವನು ಅಂತ ನಿಂಗೊತ್ತು."

ಡಿಲಿಸ್ ಪೆಲ್ ಕೈಯಿಂದ ಅಳುಮುಖವನ್ನು ತೆಗೆದುಕೊಂಡು, ಅಂಗಿಯ ಅಂಚಿನಿಂದ ಅದರ ಕೆನ್ನೆಯ ಧೂಳು ಒರೆಸಿದಳು.

"ಪೊಲೀಸ್ ಬೇಡ, ಸರ್," ಎಂದಳು. "ಇವರು ಒಳ್ಳೆಯವರೇ. ನನ್ನೊಬ್ಬಳನ್ನ ಬಿಟ್ಟು, ಇವರು ಯಾರಿಗೂ ಏನೂ ಮಾಡಿಲ್ಲ."

ಲೆಡ್ಡಿ ಎದ್ದು ಅವಳ ಹೆಗಲ ಮೇಲೆ ಕೈಯಿಡಲು ಬಂದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.