ಆಯ್ತು... ಮುಂದಿನದು!

"ನನ್ನ ಅಕ್ಕನ ಮಗಳನ್ನ ದಡ್ಡಿ ಅಂತ ಬರೆದುಕೊಟ್ಟೋರು ನೀವೇನಾ?"

ದಡಾರನೆ ಬಾಗಿಲು ತಳ್ಳಿಕೊಂಡು ಬಂದವನ ತಲೆತುಂಬ ಮರದ ಹೊಟ್ಟು. ಕಿವಿಯ ಮೇಲೊಂದು ಮೊಂಡು ಪೆನ್ಸಿಲ್. ಕೈಯಲ್ಲಿ ಮುದುಡಿದ ರಿಪೋರ್ಟು. ನೋಡಿದರೇ ಬಡಗಿ ಅಂತ ಗೊತ್ತಾಗುತ್ತಿತ್ತು.

ಕೆಂಪು-ಬಿಳಿ ಬ್ಲಾಕುಗಳನ್ನು ಡಬ್ಬಿಗೆ ತುಂಬುತ್ತಿದ್ದ ಅವಳು ತಲೆಯೆತ್ತಿದಳು. ಓದು, ನೆನಪು, ಬೆಳವಣಿಗೆಯಲ್ಲಿ ತೊಡಕಿರುವ ಮಕ್ಕಳನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ಮಕ್ಕಳ ಬಾಯಲ್ಲಿ ಅವಳು 'ಬ್ಲಾಕ್ ಅಕ್ಕ'.

"ರಿಪೋರ್ಟು ಪೂರ್ತಿ ಓದಿದ್ರಾ?"

ಅಷ್ಟೇ! ಅವನ ಕೋಪ ಗಾಳಿ ಹೋದ ಟೈರಿನ ಹಾಗೆ ಇಳಿದುಹೋಯಿತು.

"ಪಕ್ಕದ ಮನೆಯೋರು ಓದಿ ಹಾಗಂದ್ರು. ನಂಗೆ... ಅಕ್ಷರ ಕುಣಿಯುತ್ತೆ ಮೇಡಂ. ಚಿಕ್ಕವಯಸ್ಸಿಂದಾನೂ."

ಅವಳು ಅವನನ್ನು ಕೂರಿಸಿ, ಕಾಗದದ ಸುಕ್ಕು ಬಿಡಿಸಿ ಜೋರಾಗಿ ಓದಿದಳು. "'ಬುದ್ಧಿಶಕ್ತಿ ವಯಸ್ಸಿಗಿಂತ ಮುಂದಿದೆ. ತೊಡಕಿರುವುದು ಓದಿನಲ್ಲಿ ಮಾತ್ರ. ಹೆಚ್ಚು ಸಮಯ ಕೊಡಬೇಕು.' ಇದರಲ್ಲಿ ದಡ್ಡಿ ಎಲ್ಲಿದೆ, ತೋರಿಸಿ!"

ಅವನು ಕುರ್ಚಿ ಮುಂದಕ್ಕೆಳೆದುಕೊಂಡ. "ಹಾಗಾದ್ರೆ... ಹುಟ್ಟಿದಾಗಿಂದ ದಡ್ಡ ಅನ್ನಿಸ್ಕೊಂಡೋರಿಗೂ ಈ ಪರೀಕ್ಷೆ ಇದೆಯಾ?"

"ಇದೆ. ದೊಡ್ಡೋರಿಗೆ ನಮ್ಮ ದೊಡ್ಡ ಮೇಡಂ ಮಾಡ್ತಾರೆ."

"ಅಲ್ಲೂ ದಡ್ಡ ಅಂತಾನೇ ಬಂದ್ಬಿಟ್ರೆ?"

"ನಮ್ಮ ಕಾಗದದಲ್ಲಿ ಅದನ್ನ ಬರೆಯೋಕೆ ಜಾಗಾನೇ ಇಲ್ಲ!"

ಅವನು ನಕ್ಕ. ಆದರೆ ಪರೀಕ್ಷೆಗೆ ಮಾತ್ರ ಕೂರಲಿಲ್ಲ. ಧೈರ್ಯ ಬರಬೇಕಲ್ಲ!

ವಾರವಾರ ಅಕ್ಕನ ಮಗಳನ್ನು ಓದಿನ ತರಬೇತಿಗೆ ಕರೆತರುತ್ತಿದ್ದ. ಬಾಗಿಲಾಚೆ ಕೂತು, ಒಳಗೆ ಪರೀಕ್ಷೆಗೆ ಬಂದ ಮಕ್ಕಳ ಕಾಲು ಕುರ್ಚಿಯಿಂದ ಜೋತಾಡುವುದನ್ನು ನೋಡಿದ. ಮುಂದಿನ ವಾರ ಪುಟ್ಟದೊಂದು ಕುರ್ಚಿ ಹೊತ್ತು ತಂದ. ಕಾಲಿಡಲು ಹಲಗೆಯೂ ಇತ್ತು!

"ಯಾರು ಹೇಳಿದ್ದು ಮಾಡಕ್ಕೆ?"

"ಕಾಲುಗಳು ಹೇಳಿದ್ವು."

ಅವತ್ತಿನಿಂದ ಅವಳ ಮನಸ್ಸು ಅವಳ ಮಾತು ಕೇಳುವುದನ್ನೇ ಬಿಟ್ಟಿತು.

ಒಂದು ಸಂಜೆ ಅವನು ಮೇಜಿನ ಮೇಲೆ ಚಿಕ್ಕ ಮರದ ಪೆಟ್ಟಿಗೆ ಇಟ್ಟ. ಒಂದೂ ಮೊಳೆಯಿಲ್ಲ. ಪರೀಕ್ಷೆಗೆ ಸಮಯ ನೋಡುವ ಅವಳ ಸ್ಟಾಪ್‌ವಾಚು ಅದರೊಳಗೆ ಅಳೆದಿಟ್ಟ ಹಾಗೆ ಕೂತಿತು.

"ಅಳತೆ ಯಾವಾಗ ತಗೊಂಡ್ರಿ?"

"ತಗೊಂಡಿಲ್ಲ. ಅದನ್ನ ಹಿಡ್ಕೊಳ್ಳೋ ಕೈ ನೋಡಿದ್ದೆ." ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ. "ಆ ಕೈ ಹಿಡಿದು ಬಾಳಬೇಕು ಅಂತ ಆಸೆ. ಸರಿನೋ... ತಪ್ಪೋ?"

ಸರಿ! ಸರಿ! ನೂರು ಸಲ ಸರಿ! ಅವಳ ಎದೆ ಕೂಗಿತು.

ಆದರೆ ಆ ಮೇಜಿನ ನಿಯಮವೇ ಬೇರೆ. ಎಲ್ಲ ಮಕ್ಕಳಿಗೂ ಅದೇ ಪ್ರಶ್ನೆ, ಅದೇ ಮಾತು, ಅದೇ ಮುಖ. ಉತ್ತರ ಸರಿಯೋ ತಪ್ಪೋ ಹೇಳುವ ಹಾಗಿಲ್ಲ, ಮುಖದಲ್ಲೂ ತೋರಿಸುವ ಹಾಗಿಲ್ಲ. ಏಳು ವರ್ಷದ ಅಭ್ಯಾಸ! ಗಾಬರಿಯಲ್ಲಿ ಬಾಯಿ ತನ್ನಷ್ಟಕ್ಕೆ ಅಂದೇಬಿಟ್ಟಿತು...

"ಆಯ್ತು. ಮುಂದಿನದು."

ಅವನು ಚೀಲ ಹೆಗಲಿಗೇರಿಸಿ ಹೊರಟೇಹೋದ. ಮುಂದಿನ ವಾರ ಮಗುವಿನ ಜೊತೆ ಬಂದದ್ದು ಅವನ ಅಕ್ಕ.

"ಉಪ್ಪು ಸರಿಯಾಗಿದೆಯೇನೇ ಅಂದ್ರೂ 'ಆಯ್ತು, ಮುಂದಿನದು' ಅಂತೀಯ! ಒಳ್ಳೆ ಗೋಡೆ ಹೆತ್ತೆ ನಾನು! ಹೋಗಿ ಹೇಳೇ ಅವನಿಗೆ!" ಅಂತ, ಮನೆಯಲ್ಲಿ ವಿಷಯ ತಿಳಿದ ಅವಳ ಅಮ್ಮ ತಲೆ ಚಚ್ಚಿಕೊಂಡಳು.

ಎರಡು ಸಲ ಅವನ ಅಂಗಡಿಯ ಬೀದಿಯವರೆಗೂ ಹೋದಳು. ಗರಗಸದ ಸದ್ದು ಕೇಳಿದ್ದೇ ತಡ, ಕಾಲು ಹಿಂದಕ್ಕೆ ತಿರುಗಿದವು.

ಹದಿನೆಂಟನೇ ದಿನ ಬಾಗಿಲು ಮೆಲ್ಲಗೆ ತೆರೆಯಿತು.

ಅವನೇ! ಕೈಯಲ್ಲಿ ಒಂದು ಸುಕ್ಕೂ ಇಲ್ಲದ ರಿಪೋರ್ಟು.

"ದಡ್ಡನಿಗೆ ಇನ್ನೇನಂತಾರೆ ಅಂದ್ಕೊಂಡೆ. ದಡ್ಡ ಹೌದೋ ಅಲ್ವೋ, ಒಂದು ಸಲ ಇತ್ಯರ್ಥ ಆಗ್ಲಿ ಅಂತ ದೊಡ್ಡ ಮೇಡಂ ಮುಂದೆ ಕೂತೆ. ಅವರು ಒಂದೊಂದು ಪ್ರಶ್ನೆ ಆದ್ಮೇಲೂ ಏನಂದ್ರು ಗೊತ್ತಾ? 'ಆಯ್ತು, ಮುಂದಿನದು!' ತಪ್ಪು ಮಾಡಿದ್ರೂ ಅದೇ, ಸರಿ ಮಾಡಿದ್ರೂ ಅದೇ!"

ಅವಳ ಕಣ್ಣು ತುಂಬಿತು.

"ತಡೀರಿ, ಇದನ್ನ ನಾನೇ ಓದ್ತೀನಿ." ಅವನು ಸಾಲಿನ ಕೆಳಗೆ ಬೆರಳಿಟ್ಟ. "ಆ... ಆಕಾರ... ಜೋ... ಜೋಡಿ..."

ಅಭ್ಯಾಸಬಲ, ಅವಳ ಕೈ ಸ್ಟಾಪ್‌ವಾಚಿಗೆ ಹೋಯಿತು. ಅವಳು ಅದನ್ನು ಅವನ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ಎಷ್ಟು ಹೊತ್ತಾದರೂ ಆಗಲಿ!

"...ಜೋಡಿಸುವ ಸಾಮರ್ಥ್ಯ... ಅತ್ಯುತ್ತಮ!"

ಹಣೆಯ ಬೆವರು ಒರೆಸಿಕೊಂಡು ಅವನು ಎದೆಯೆತ್ತಿ ಕೂತ. ಅವನಿಗಿಂತ ಒಂದು ಹಿಡಿ ಹೆಚ್ಚೇ ಅವಳ ಎದೆ ಉಬ್ಬಿತ್ತು. ಇವನು ನನ್ನವನು!

"ಈಗ ಹೇಳಿ. ಅವತ್ತು ನಾನಂದಿದ್ದು ಸರಿನಾ, ತಪ್ಪಾ?"

"ಈ ಕುರ್ಚಿಲಿ ಕೂತು ಹೇಳೋ ಹಾಗಿಲ್ಲ."

ಅವಳು ಎದ್ದಳು. ಮೇಜು ಸುತ್ತಿ ಬಂದು, ಅವನು ಮಾಡಿದ ಪುಟ್ಟ ಕುರ್ಚಿಯ ಮೇಲೆ, ಅವನ ಪಕ್ಕದಲ್ಲೇ ಕೂತಳು.

"ಸರಿ," ಅಂದಳು.

"ಪೂರ್ತಿ ಅಂಕಾನಾ?"

"ಒಂದು ಕಟ್! ಹದಿನೆಂಟು ದಿನ ತಡ ಮಾಡಿದ್ರಲ್ಲ!"

"ನನಗೆ ಹೆಚ್ಚು ಸಮಯ ಕೊಡಬೇಕು ಅಂತ ರಿಪೋರ್ಟಲ್ಲೇ ಇದೆ ಮೇಡಂ!"

"ಕೊಟ್ಟೆ, ತಗೊಳ್ಳಿ..." ಅವಳು ಮರದ ಹೊಟ್ಟಿನ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಒಂದು ಜನ್ಮದಷ್ಟು."

ಆಮೇಲೆ ಅವನು, ದೊಡ್ಡ ಮೇಡಂ ಮುಖವನ್ನೇ ಮಾಡಿಕೊಂಡು, ಕೇಳಿದ:

"ಆಯ್ತು. ಮುಂದಿನದು?"

ಏಳು ವರ್ಷದ ಗೋಡೆ ಫಳ್ಳನೆ ನಕ್ಕುಬಿಟ್ಟಿತು.

"ನಮ್ಮಮ್ಮ! ಅದು ಕಷ್ಟದ ಪರೀಕ್ಷೆ..."