ಗುಲಾಬಿ ಬಣ್ಣದ ಕೋಳಿಮರಿ

ವರ್ಷಕ್ಕೆ ನಾಲ್ಕು ಹಬ್ಬ, ಹಬ್ಬಕ್ಕೊಂದು ಗಂಟೆ. ಮಗಳು ನವ್ಯಾಳನ್ನು ನೋಡಲು ಕೋರ್ಟು ಚಂದ್ರನಿಗೆ ಕೊಟ್ಟದ್ದು ಇಷ್ಟೇ. ಅದೂ ತಲ್ಲೂರಿನ ಅತ್ತೆ ಮನೆಯ ಜಗಲಿಯಲ್ಲಿ, ಅತ್ತೆ ಸೀತು ಬಾಗಿಲಿಗೆ ಅಡ್ಡ ಕೂತು ಕಾಯುತ್ತಿರುವಾಗ. ಅವನು ಕುಡಿತ ಬಿಟ್ಟು ಒಂದೂವರೆ ವರ್ಷವಾಗಿತ್ತು. ಅದನ್ನು ನಂಬುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಸಹಿಸಿಕೊಂಡಿದ್ದ. ನವರಾತ್ರಿಗೆ ಹೋದಾಗ ಮಾತ್ರ ಮಗಳ ಮುಖವೂ ಕಾಣಲಿಲ್ಲ. ಅವಳನ್ನು ನೆಂಟರ ಮನೆಗೆ ಕಳಿಸಿದ್ದಾಯಿತಂತೆ. ಅವನನ್ನು ಬಿಟ್ಟು ತವರು ಸೇರಿದ್ದ ಹೆಂಡತಿ ಕಮಲ ಅಂಗಳದಲ್ಲೇ ನಿಲ್ಲಿಸಿ ಹೇಳಿದಳು:

"ದೀಪಾವಳಿ ಕಳ್ದ್ ಮೇಲೆ ನಾ ಮಗಿನ್ ಕರ್ಕಂಡ್ ಬೊಂಬಾಯಿಗೆ ಹೋತೆ. ನೀವ್ ಇನ್ ಬಪ್ಪುದ್ ಬ್ಯಾಡ."

ಗಂಗೊಳ್ಳಿಗೆ ಹಿಂತಿರುಗುವಾಗ ಸೇತುವೆಯ ಮೇಲೆ ನಿಂತು ಅತ್ತ. ನಂತರ ಯೋಚಿಸತೊಡಗಿದ. ಅಳುವುದಕ್ಕಿಂತ ಅದು ಸುಲಭವೆನಿಸಿತು.

ಟ್ರಾಲ್ ಬೋಟಿನಲ್ಲಿ ಹತ್ತು ಹತ್ತು ದಿನ ಕಡಲಲ್ಲಿ ಕಳೆಯುವವನಿಗೆ ಯೋಚಿಸಲು ಸಮಯಕ್ಕೇನು ಕೊರತೆ? ಬಲೆ ಎಳೆಯುತ್ತಲೇ ಮಗಳನ್ನು ಕರೆದೊಯ್ಯುವ ಉಪಾಯದ ಒಂದೊಂದು ಕಣ್ಣಿಯನ್ನೂ ಬಿಗಿದ. ಹಬ್ಬದ ಮುಂಚಿನ ಶನಿವಾರ ಶಾಲೆ ಹನ್ನೊಂದೂವರೆಗೆ ಬಿಡುತ್ತದೆ. ಗೇರುಬೀಜದ ಕಾರ್ಖಾನೆಗೆ ಹೋಗುವ ಕಮಲ ಬರುವುದು ಐದಕ್ಕೆ. ಕುಂದಾಪುರದಲ್ಲಿ ಮೀನು ಮಾರುವ ಸೀತು ಬರುವುದು ಮೂರಕ್ಕೆ. ಹುಡುಕುವವರು ಮೊದಲು ಓಡುವುದು ಕುಂದಾಪುರ ಸ್ಟೇಷನ್ನಿಗೆ. ಹಾಗಾಗಿ ಅವನು ಬಸ್ಸಿನಲ್ಲಿ ಬೈಂದೂರಿಗೆ ಹೋಗಿ ಅಲ್ಲಿ ರೈಲು ಹತ್ತುತ್ತಾನೆ. ರತ್ನಾಗಿರಿಯ ಬಂದರಿನಲ್ಲಿ ಹಳೆಯ ಜೊತೆಗಾರ ಕಿಟ್ಟ ಒಂದು ಕೋಣೆ ನೋಡಿಟ್ಟಿದ್ದ. ಅಲ್ಲಿ ಯಾರೂ ಯಾರ ಊರನ್ನೂ ಕೇಳುವುದಿಲ್ಲ.

ಉಳಿದದ್ದು ಒಂದೇ ಚಿಂತೆ. ಆರು ವರ್ಷದ ಮಗು ಅಮ್ಮ ಬೇಕೆಂದು ದಾರಿಯಲ್ಲಿ ಅತ್ತರೆ?

ಅದಕ್ಕೂ ಮದ್ದಿತ್ತು, ಪರೀಕ್ಷೆ ಮಾಡಿ ನೋಡಿದ ಮದ್ದು. ಚೌತಿಗೆ ಅವನು ಒಂದು ಗುಲಾಬಿ ಬಣ್ಣದ ಕೋಳಿಮರಿ ಕೊಟ್ಟಿದ್ದ. ನವ್ಯಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಆ ಒಂದು ಗಂಟೆ ತುಟಿ ಬಿಚ್ಚಿರಲಿಲ್ಲ, ಕಡುಬನ್ನೂ ಮುಟ್ಟಿರಲಿಲ್ಲ. ಸೀತು ಮಾತ್ರ ಹುಬ್ಬು ಗಂಟಿಕ್ಕಿ, ತಾಯಿಯಿಲ್ಲದ ಮರಿಯನ್ನು ಬಣ್ಣದಲ್ಲಿ ಅದ್ದಿ ಮಕ್ಕಳ ಕೈಗೆ ಕೊಡುವುದು ಪಾಪ ಎಂದು ಗೊಣಗಿದ್ದಳು. ಅವಳಿಗೆ ಅವನು ಕೊಟ್ಟದ್ದೆಲ್ಲ ಪಾಪವೇ. ಮರುದಿನ ಬೆಳಕು ಹರಿಯುವಾಗ ಅವನ ಬೋಟು ಅಳಿವೆ ದಾಟಿತ್ತು.

ಶನಿವಾರ ಬೆಳಿಗ್ಗೆ ಕುಂದಾಪುರದ ಬಸ್ ನಿಲ್ದಾಣದ ಹೊರಗೆ ಮರಿ ಮಾರುವ ಶೀನನ ಸೈಕಲ್ಲು ನಿಂತಿತ್ತು. ಹಿಂದಿನ ಬುಟ್ಟಿಯಲ್ಲಿ ಹಸಿರು, ನೀಲಿ, ಗುಲಾಬಿ ಮರಿಗಳು ಒಂದರ ಮೇಲೊಂದು. ಮೊಟ್ಟೆಯಿಡದ ಹುಂಜದ ಮರಿಗಳು ಮೊಟ್ಟೆಯೊಡೆಸುವ ಹ್ಯಾಚರಿಗೆ ಬೇಡವಂತೆ, ಬಣ್ಣ ಹಚ್ಚಿದರೆ ಮಕ್ಕಳಿಗೆ ಬೇಕಂತೆ. ಬುಟ್ಟಿಯ ತಳದಲ್ಲಿ ಕತ್ತು ಜೋಲಿದ ಎರಡನ್ನು ಶೀನ ಕೈಯಿಂದ ಒಳಗೆ ಸರಿಸಿದ. ಇವು ಹಬ್ಬದ ತನಕ ಹೇಗೋ ಬದುಕುತ್ತವೆ ಎಂದ. ಚಂದ್ರನಿಗೆ ಸಂಜೆಯ ತನಕ ಬದುಕಿದರೆ ಸಾಕಿತ್ತು. ಎಲ್ಲಕ್ಕಿಂತ ಚುರುಕಾದ ಗುಲಾಬಿ ಮರಿಯನ್ನು ಆರಿಸಿದ.

ಎಲ್ಲವೂ ನೆನೆಸಿದಂತೆಯೇ ಆಯಿತು. ಶಾಲೆಯ ತಿರುವಿನಲ್ಲಿ ಅಪ್ಪನನ್ನು ಕಂಡು ನವ್ಯಾ ಓಡಿಬಂದಳು. ಮಗಳಿಗೆ ಹಬ್ಬದ ಅಂಗಿ ತೆಗೆಸಿ ಕರೆತರುತ್ತೇನೆಂದು ಜೊತೆಗಿದ್ದ ಗೆಳತಿ ಪೂಜಿತಾಳಿಗೆ ಹೇಳಿ ಕಳಿಸಿದ. ಬಸ್ಸಿನಲ್ಲಿ ಮರಿಯನ್ನು ಎದೆಗವಚಿಕೊಂಡು ಕುಳಿತವಳು ಅಮ್ಮನ ಸುದ್ದಿಯನ್ನೇ ಎತ್ತಲಿಲ್ಲ. ಅವಳ ಬೆರಳೆಲ್ಲ ಗುಲಾಬಿಯಾಗಿತ್ತು. ಚಂದ್ರ ಬಾಗಿ ಅವಳ ನೆತ್ತಿಯ ಎಣ್ಣೆಯ ವಾಸನೆ ಮೂಸಿದ. ಇನ್ನು ಗಡಿಯಾರ ನೋಡಿ ಎದ್ದುಹೋಗಬೇಕಾಗಿಲ್ಲ ಎನ್ನುವುದನ್ನು ಅವನಿಗೇ ನಂಬಲಾಗಲಿಲ್ಲ.

ಬೈಂದೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಅವನು ಕೂರಲಿಲ್ಲ, ಅಷ್ಟು ದಡ್ಡನಲ್ಲ. ಪ್ಲಾಟ್‌ಫಾರಂ ಮುಗಿದಲ್ಲಿ ಹಳಿಯಡಿ ಹಾಸುವ ಹಳೆಯ ಸಿಮೆಂಟ್ ಸ್ಲೀಪರುಗಳ ರಾಶಿಯಿತ್ತು. ಅದರ ಹಿಂದೆ ಕೂತು ಮಗಳ ಕಾಲಿನ ಗೆಜ್ಜೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಸದ್ದಾಗುವಂಥದ್ದು ಬೇರೇನೂ ಅವನಿಗೆ ಕಾಣಲಿಲ್ಲ, ಮರಿಯೂ ಅವಳ ಅಂಗೈಯಲ್ಲಿ ತೂಕಡಿಸುತ್ತಿತ್ತು.

ರೈಲಿಗೆ ಐದು ನಿಮಿಷವಿರುವಾಗ ಒಂದು ಆಟೋ ಬಂದು ನಿಂತಿತು. ಇಳಿದದ್ದು ಸೀತು, ಜೊತೆಗೊಬ್ಬ ಪೊಲೀಸ್. ಮೀನು ಬೇಗ ಖಾಲಿಯಾಗಿರಬೇಕು, ಪೂಜಿತಾ ಬಾಯಿ ಬಿಟ್ಟಿರಬೇಕು, ಅವರು ಬೈಂದೂರಿನ ಬಸ್ಸು ಹತ್ತಿದ್ದನ್ನು ಯಾರೋ ಕಂಡಿರಬೇಕು. ಚಂದ್ರ ರಾಶಿಯ ಹಿಂದೆ ಇನ್ನಷ್ಟು ತಗ್ಗಿದ. ಈ ಜಾಗ ಹುಡುಕಿದ್ದು ಇದಕ್ಕಾಗಿಯೇ ಅಲ್ಲವೆ? ಮಗಳ ಕಿವಿಯಲ್ಲಿ ಹೇಳಿದ: "ಈಗ ಮಾತಾಡುಕಾಗ ಮಗಾ. ಮರಿ ಹೆದ್ರತ್ತ್." ಅವಳು ತಲೆಯಾಡಿಸಿದಳು. ಪೊಲೀಸ್ ಬೆಂಚುಗಳನ್ನು, ಶೌಚಾಲಯವನ್ನು ನೋಡಿ ಬಂದು ಇಲ್ಲವೆಂದು ಕೈಯಾಡಿಸಿದ. ಸೀತು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಟೋದ ಕಡೆ ತಿರುಗಿದಳು. ದೂರದಲ್ಲಿ ರೈಲು ಕೂಗಿತು. ಚಂದ್ರ ಏಳಲು ಮಂಡಿಯೂರಿದ.

ಅಷ್ಟರಲ್ಲಿ ನವ್ಯಾ ಅಂಗೈ ಬಿಚ್ಚಿದಳು. ಮರಿಯ ಕತ್ತು ಪಕ್ಕಕ್ಕೆ ಬಿದ್ದಿತ್ತು. "ಅಪ್ಪಯ್ಯ, ಆ ಮರಿಯೂ ಹೀಂಗೇ ಮಾಡಿ ಸತ್ ಹೋಯ್ತ್," ಎಂದು ಪಿಸುಗುಟ್ಟಿದಳು. ಯಾವ ಮರಿ ಎಂದು ಅವನಿಗೆ ಹೊಳೆಯುವುದಕ್ಕೇ ಒಂದು ಕ್ಷಣ ಹಿಡಿಯಿತು. ಚೌತಿಯ ಮರಿ ಆಮೇಲೆ ಏನಾಯಿತೆಂದು ಈ ಎರಡು ತಿಂಗಳಲ್ಲಿ ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಅವಳಾಗಲೇ ಚೀಲದಿಂದ ಸ್ಟೀಲಿನ ಬುತ್ತಿ ಡಬ್ಬಿ ತೆಗೆದು ಮರಿಯ ಮೇಲೆ ಕವುಚಿದ್ದಳು. ಸೋತ ಮರಿಗೆ ಜೀವ ಬರಿಸಲು ಊರಿನ ಹೆಂಗಸರೆಲ್ಲ ಮಾಡುವಂತೆ, ಚಮಚದಿಂದ ಡಬ್ಬಿಯ ಬೆನ್ನಿಗೆ ಬಡಿಯತೊಡಗಿದಳು, ಟಣ್, ಟಣ್, ಟಣ್. ಚಂದ್ರ ಅವಳ ಕೈ ಹಿಡಿಯುವಷ್ಟರಲ್ಲಿ ತಡವಾಗಿತ್ತು. ಆಟೋಕ್ಕೆ ಒಂದು ಕಾಲಿಟ್ಟಿದ್ದ ಸೀತು ಹಾಗೆಯೇ ನಿಂತಳು. ಆ ಸದ್ದು ಅವಳಿಗೆ ಗೊತ್ತಿತ್ತು. ಚೌತಿಯ ಮರುದಿನ, ಅಳುವ ಮೊಮ್ಮಗಳ ಪಕ್ಕ ಕೂತು ಹಾಗೆ ಬಡಿಯಲು ಕಲಿಸಿದವಳು ಅವಳೇ.