ಹೆಪ್ಪಿನ ಭರಣಿ

ಏಳನೆಯ ಬಾಟಲಿಯ ಕತ್ತಿನಲ್ಲಿ ಬ್ರಷ್ ಸಿಕ್ಕಿಕೊಂಡಿತ್ತು. ಶಾಂತಪ್ಪ ಎಳೆಯಲಿಲ್ಲ. ನಲ್ಲಿಯ ಕೆಳಗೆ ಹಿಡಿದು ಮೆಲ್ಲಗೆ ತಿರುಗಿಸಿದ. ಅವಸರದಿಂದ ಯಾವುದೂ ಆಗುವುದಿಲ್ಲ ಎಂದು ಅವನು ನಂಬಿದ್ದ. ಸನತ್‌ನಗರದ ಆ ಎರಡು ಕೋಣೆಯ ಮನೆಯಲ್ಲಿ ಅಡುಗೆಗೆ ಈಗ ಒಂದು ಮೂಲೆ ಉಳಿದಿತ್ತು. ಮಿಕ್ಕ ಕಡೆಯೆಲ್ಲ ಗಾಜಿನ ಜಾಡಿ, ಭರಣಿ, ರಬ್ಬರ್ ಕೊಳವೆ. ಹೆಂಡತಿ ಶಿವದೇವಿಯ ಸೀರೆಗಳು ಕಪಾಟು ಬಿಟ್ಟು ಮಂಚದ ಕೆಳಗಿನ ಟ್ರಂಕಿಗೆ ಹೋಗಿ ವರ್ಷವಾಗಿತ್ತು. "ನನ್ನನ್ನೂ ಒಂದು ಜಾಡಿಯೊಳಗ ಇಟ್ಟು ಮುಚ್ಚಳ ಹಾಕ್ರಿ, ಆವಾಗರ ದಿನಕ್ಕೆರಡು ಸಲ ಬಂದು ನೋಡ್ತೀರಿ" ಎಂದು ಅವಳು ಒಮ್ಮೆ ಅಂದಿದ್ದಳು.

ನಿವೃತ್ತಿಯ ಮೇಲೆ ಹೊತ್ತು ಹೋಗಲೆಂದು ಹಿಡಿದ ಹವ್ಯಾಸ. ಮೊದಲು ದ್ರಾಕ್ಷಿ, ಆಮೇಲೆ ನೇರಳೆ. ನಾಚಾರಂನ ಹಣ್ಣಿನ ರಸದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವನು ಶಾಂತಪ್ಪ. ಬೆಲ್ಲದ ತೂಕ, ನೀರಿನ ಬಿಸಿ, ಸೋಸಿದ ದಿನ ಎಲ್ಲವನ್ನೂ ಬರೆದಿಟ್ಟು ಹದಿನಾಲ್ಕು ನೋಟ್‌ಬುಕ್ ತುಂಬಿಸಿದ್ದ. ಆದರೂ ಅವನ ನೇರಳೆ ವೈನು ಬಣ್ಣದ ನೀರು. ಮನೆಯ ಪಕ್ಕದಲ್ಲಿ, ಕೆಲಸ ನಿಂತು ಬಾಗಿಲು ಮುಚ್ಚಿದ್ದ ಶೆಡ್ಡಿನ ಕಾವಲುಗಾರ ದ್ಯಾವಪ್ಪ ಮಾಡಿದ್ದು ಮಾತ್ರ ಒಂದು ಗುಟುಕಿಗೇ ಮಾತು ನಿಲ್ಲಿಸುತ್ತಿತ್ತು.

ಎಲ್ಲ ಇದ್ದದ್ದು ಹೆಪ್ಪಿನಲ್ಲಿ. ಒಂದು ಕರಿ ಭರಣಿಯ ತಳದಲ್ಲಿ ದ್ಯಾವಪ್ಪ ವರ್ಷಗಳಿಂದ ಸಾಯಗೊಡದೆ ಉಳಿಸಿಕೊಂಡ ಮಡ್ಡಿ. ಅದಕ್ಕೆ ಏನು ಹಾಕುತ್ತೀ, ಯಾವಾಗ ಹಾಕುತ್ತೀ ಎಂದು ಕೇಳಿದರೆ ನಗುತ್ತಿದ್ದ. "ಕೈಗೆ ಗೊತ್ತೈತ್ರಿ ಶಾಂತಣ್ಣಾ, ಬಾಯಿಗೆ ಗೊತ್ತಿಲ್ಲ." ಆದರೆ ಅವನ ಅಂಗಿಯ ಜೇಬಿನಲ್ಲಿ ಸಣ್ಣದೊಂದು ಪುಸ್ತಕವಿತ್ತು. ಶಾಂತಪ್ಪ ಇಣುಕಿದರೆ ಮುಖ ಕೆಂಪಾಗಿ ಮುಚ್ಚಿಬಿಡುತ್ತಿದ್ದ. ಒಮ್ಮೆ ಕಣ್ಣಿಗೆ ಬಿದ್ದ ಪುಟದಲ್ಲಿ ಗೀಟು, ಸೊನ್ನೆ, ಅರ್ಧಚಂದ್ರ. ಗುಪ್ತಲಿಪಿ! ಜಾಡಿಗಳ ಮೇಲೆ ಚೀಟಿ ಕೂಡ ಅಂಟಿಸದೆ ಬಣ್ಣದ ದಾರ ಕಟ್ಟುತ್ತಿದ್ದ. ಗೆಳೆಯ ಎಂದು ಕರೆದು, ಕಳ್ಳನನ್ನು ಕಂಡಂತೆ ಮರೆಮಾಡುವುದು. ಆ ಅವಮಾನ ಮೂರು ವರ್ಷ ಶಾಂತಪ್ಪನೊಳಗೆ ಹುಳಿಯಿತು.

ದಾರಿ ತಾನಾಗಿ ತೆರೆಯಿತು. ಶೆಡ್ಡು ಮಾರಾಟವಾಗಿತ್ತು. ಅದರ ನೆಲದಡಿಯ ಒಣಗಿದ ನೀರಿನ ತೊಟ್ಟಿಯ ತಂಪಿನಲ್ಲೇ ದ್ಯಾವಪ್ಪ ಜಾಡಿಗಳನ್ನು ಇಟ್ಟಿದ್ದ. ಸೋಮವಾರ ಅದಕ್ಕೆ ಕಲ್ಲುಮಣ್ಣು ತುಂಬಿ ಮೇಲೆ ಕಾಂಕ್ರೀಟು ಹಾಕುವವರಿದ್ದರು. ಭಾನುವಾರ ಜಾಡಿ ಎತ್ತಲು ಬನ್ನಿ ಎಂದು ದ್ಯಾವಪ್ಪನೇ ಕರೆದ. ಹುಳಿಯುವ ಹಣ್ಣಿನ ಗಾಳಿ ಭಾರ, ತಳದಲ್ಲಿ ಕೂತು ಉಸಿರು ಕಟ್ಟಿಸುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು ದ್ಯಾವಪ್ಪನ ಕ್ರಮ. ಅದು ಆರಿದರೆ ಇಳಿಯುತ್ತಿರಲಿಲ್ಲ.

ಮಧ್ಯಾಹ್ನದವರೆಗೆ ಎಲ್ಲ ಮೇಲೆ ಬಂತು, ಕರಿ ಭರಣಿಯೂ. ತಳದಲ್ಲಿ ಇನ್ನೂ ನೊರೆಯುಕ್ಕುತ್ತಿದ್ದ ಒಂದು ದೊಡ್ಡ ಜಾಡಿ ಉಳಿದಿತ್ತು. ಊಟಕ್ಕೆ ಕೂರುವಾಗ ಶಾಂತಪ್ಪ ತೊಟ್ಟಿಯ ಬಾಯಿ ಮುಚ್ಚಿದ. ಎದ್ದ ಮೇಲೆ ಕಂದೀಲನ್ನು ಇಳಿಬಿಟ್ಟವನೂ ಅವನೇ. ಬೆರಳಲ್ಲಿ ಹೊಸಕಿದಂತೆ ಬೆಳಕು ಆರಿತು. ದ್ಯಾವಪ್ಪ ಬೆನ್ನು ತಿರುಗಿಸಿ ಬುಟ್ಟಿಗೆ ಗಂಟು ಹಾಕುತ್ತಿದ್ದ.

"ದೀಪ ಉರಿಯಾಕತ್ತೈತೇನ್ರಿ?"

"ಉರಿಯಾಕತ್ತೈತಿ. ಇಳಿ."

ಅಷ್ಟೇ. ಕೈ ಎತ್ತಲಿಲ್ಲ, ವಿಷ ಬೆರೆಸಲಿಲ್ಲ. ಎರಡು ಮಾತು. ಆ ಮಾತು ನಂಬಿ ಇಳಿದವನ ಸದ್ದು ನಿಂತ ಮೇಲೆ ಮೇಲಿನಿಂದ ನಾಲ್ಕು ಚೀಲ ಮಣ್ಣು ಸುರಿದ. ಗೂಟಕ್ಕೆ ನೇತುಹಾಕಿದ್ದ ದ್ಯಾವಪ್ಪನ ಅಂಗಿಯಿಂದ ಪುಸ್ತಕ ತೆಗೆದುಕೊಂಡ. ಸೋಮವಾರ ಕೂಲಿಯವರು ಉಳಿದದ್ದನ್ನು ತುಂಬಿದರು.

ಕರಿ ಭರಣಿ ಮನೆಗೆ ಬಂತು, ಆದರೆ ಅದು ಸುಮ್ಮನಿರಲಿಲ್ಲ. ಹೆಪ್ಪು ಉಸಿರಾಡುತ್ತಿತ್ತು. ತಳದಿಂದ ಒಂದು ಗುಳ್ಳೆ ಏಳುವುದು, ತಡೆಯುವುದು, ಮೇಲೆ ಬಂದು ಒಡೆಯುವುದು. ಯಾರೋ ಆಳದಲ್ಲಿ ಕೂತು ಕೇಳಿದ್ದನ್ನೇ ಕೇಳುವಂತೆ. ಸಂಜೆ ಶಿವದೇವಿ ದೇವರ ಮುಂದೆ ಕಡ್ಡಿ ಗೀರಿದರೆ ಸಾಕು, ಶಾಂತಪ್ಪನ ಬಾಯಿಂದ ಅದೇ ಮಾತು ಹೊರಡುತ್ತಿತ್ತು. ದೀಪ ಉರಿಯಾಕತ್ತೈತೇನು? ಮೂರನೆಯ ಸಂಜೆ ಅವಳು ತಿರುಗಿ ಅವನ ಮುಖವನ್ನೇ ನೋಡಿದಳು. "ನೀವ ಬಂದು ನೋಡ್ರಲ್ಲ" ಅಂದಳು. ಅವನು ಹೋಗಲಿಲ್ಲ. ಪುಸ್ತಕದ ಗೀಟುಗಳನ್ನು ಎಣಿಸಿ, ಕೂಡಿಸಿ, ತಿರುಗುಮುರುಗಾಗಿ ಓದಿದ. ಗುಟ್ಟು ಬಿಡಿಸಲಾಗಲಿಲ್ಲ.

ದ್ಯಾವಪ್ಪನನ್ನು ಹುಡುಕುವವರು ಯಾರೂ ಇಲ್ಲ ಎಂದುಕೊಂಡಿದ್ದ. ಒಬ್ಬಳಿದ್ದಳು, ಹುಸೇನಮ್ಮ. ಶೆಡ್ಡಿನ ಗೇಟಿನಲ್ಲಿ ಚಹಾದಂಗಡಿ ಇಟ್ಟವಳು, ದ್ಯಾವಪ್ಪನ ಊರಿನವಳು. ಶುಕ್ರವಾರದೊಳಗೆ ಸುದ್ದಿ ಸಿಗದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಗಿರಾಕಿಗಳ ಮುಂದೆಲ್ಲ ಅನ್ನುತ್ತಿದ್ದಳಂತೆ.

ಶಾಂತಪ್ಪ ಕುಳಿತು ಯೋಚಿಸಿದ. ದ್ಯಾವಪ್ಪ ತನ್ನ ಅಕ್ಕ ಸುಗಲಮ್ಮನ ಜೊತೆ ಮಾತು ಬಿಟ್ಟು ಏಳು ವರ್ಷ. ಎರಡನೆಯ ಲೋಟಕ್ಕೆ ಅವನ ಕಣ್ಣು ತುಂಬುತ್ತಿತ್ತು, ಅಕ್ಕನಿಗೆ ಒಂದು ಕಾಗದ ಹಾಕಬೇಕು ಅನ್ನುತ್ತಿದ್ದ. ಫೋನಿನಲ್ಲಿ ಆಡುವ ಮಾತಲ್ಲವಂತೆ ಅದು. ಹಾಕಿರಲಿಲ್ಲ. ಸರಿ, ಆ ಕಾಗದ ಈಗ ಹೋಗಲಿ. ಅಕ್ಷರ ಅನುಕರಿಸಲೆಂದು ಒಂದು ನೆಪ ಹೇಳಿ ದ್ಯಾವಪ್ಪನ ಕೋಣೆ ಹೊಕ್ಕು ಹುಡುಕಿದ. ಅವನ ಕೈಬರಹದ ಒಂದು ಚೂರೂ ಸಿಗಲಿಲ್ಲ. ಅದನ್ನು ಅದೃಷ್ಟವೆಂದೇ ಎಣಿಸಿದ. ಪೊಲೀಸರಿಗಾದರೂ ಹೋಲಿಸಿ ನೋಡಲು ಏನಿದೆ?

ಎಡಗೈಯಲ್ಲಿ, ಸೊಟ್ಟಗೆ, ಒಂದೆರಡು ತಪ್ಪು ಉಳಿಸಿ ಬರೆದ. 'ಅಕ್ಕಾ, ಯಾರ ಕೈಲೂ ಬರಸಿದ್ದಲ್ಲ, ನನ್ನ ಕೈಲೇ ಬರದೀನಿ. ತಪ್ಪು ನಂದು. ಪುಣೆ ಕಡೆ ದುಡಿಯಾಕ ಹೊಂಟೀನಿ, ಹುಡುಕಬ್ಯಾಡ.' ಎರಡು ಸಲ ಓದಿ ಮಡಿಚಿದ. ಸತ್ತವನ ಆಸೆ ತೀರಿಸುತ್ತಿದ್ದೇನೆ ಅನ್ನಿಸಿತು.

ಗುರುವಾರ ನಾಲ್ಕಕ್ಕೆ, ಅಂಚೆಯವನು ಗೇಟಿನ ಬಳಿಯ ಪೆಟ್ಟಿಗೆ ತೆರೆಯುವ ಹೊತ್ತಿಗೆ ಸರಿಯಾಗಿ, ಚಹಾದಂಗಡಿಯ ಮುಂದೆ ಹೋಗಿ ನಿಂತ. ಹುಸೇನಮ್ಮನಿಗೆ ಲಕೋಟೆ ತೋರಿಸಿದ. ದ್ಯಾವಪ್ಪ ಊರು ಬಿಡುವ ದಿನ ಕೊಟ್ಟಿದ್ದು, ಅಂಚೆಗೆ ಹಾಕಲು ಮರೆತೇಬಿಟ್ಟೆ ಎಂದು ಹೇಳಿದ. ಕೊನೆಗೆ, ಮನೆಯಿಂದಲೇ ಯೋಚಿಸಿ ತಂದಿದ್ದ ಮಾತನ್ನು ಸೇರಿಸಿದ. "ನನ್ನ ಕಣ್ಣೆದುರಿಗೇ ಕುಂತು ಬರದ ನೋಡವ್ವಾ, ಅಕ್ಕಗ. ಅಳಕೋತ." ಅವಳು ಲೋಟ ತೊಳೆಯುವುದನ್ನು ನಿಲ್ಲಿಸಿದಳು. ಅವನು ಕಾಗದವನ್ನು ಅಂಚೆಯವನ ಕೈಗೇ ಕೊಟ್ಟ. ಅದು ಚೀಲಕ್ಕೆ ಬಿತ್ತು, ಬೈಕು ಶುರುವಾಯಿತು.

"ನಿಮ್ಮೆದುರಿಗೆ ಬರದನೇನ್ರಿ ಸಾಹೇಬ್ರ?" ಹುಸೇನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ದನಿ ಏರಲಿಲ್ಲ. "ದ್ಯಾವಣ್ಣಗ ಒಂದಕ್ಷರ ಬರ್ತಿರಲಿಲ್ಲ. ಪಗಾರಕ್ಕೂ ಹೆಬ್ಬೆಟ್ಟು ಒತ್ತಾಂವ. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದ. ಅಕ್ಕನ ಕಾಗದ ನನ್ನ ಮಗಳ ಕೈಲೆ ಬರಸ್ತೀನಂದ್ರ, ಬ್ಯಾಡ, ಕಲತು ನಾನ ಬರೀತೀನಿ ಅಂತಿದ್ದ. ಅದಕ್ಕ ಏಳು ವರ್ಷ ತಡಾ ಆಗಿದ್ದು." ಬೈಕು ಆಗಲೇ ತಿರುವು ದಾಟಿತ್ತು.